ಗೂಡಿನ ಮೇಲೆ ಕುಳಿತ ತಾಯಿ



ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ, 6 ಮತ್ತು 7ನೆಯ ವಚನಗಳಲ್ಲಿ, ಒಂದು ಪುಟ್ಟ ಕಟ್ಟಳೆ ಇದೆ. ಭಾನುವಾರದ ಬಲಿಪೂಜೆಯ ವಾಚನಗಳಲ್ಲಿ ಅದು ಬರುವುದಿಲ್ಲ. ಆದ್ದರಿಂದ ನಮ್ಮಲ್ಲಿ ಬಹಳ ಮಂದಿ ಅದನ್ನು ಕೇಳಿಯೇ ಇಲ್ಲ. ದಾರಿಯಲ್ಲಿ ಹೋಗುವಾಗ ಮರದ ಮೇಲೋ ನೆಲದ ಮೇಲೋ ಒಂದು ಹಕ್ಕಿಯ ಗೂಡು ಕಂಡಿತೆನ್ನಿ. ತಾಯಿ ಹಕ್ಕಿ ಮೊಟ್ಟೆಗಳ ಮೇಲೋ ಮರಿಗಳ ಮೇಲೋ ಕುಳಿತಿದೆ. ಆಗ ತಾಯಿಯನ್ನೂ ಮರಿಗಳನ್ನೂ ಒಟ್ಟಿಗೆ ಹಿಡಿಯಬಾರದು. ಮರಿಗಳನ್ನು ತೆಗೆದುಕೊಂಡರೂ ತಾಯಿಯನ್ನು ಹಾರಿಹೋಗಲು ಬಿಡಬೇಕು. ಹೀಗೆ ಮಾಡುವವನಿಗೆ ಒಳಿತಾಗುವುದು, ಅವನ ಆಯುಸ್ಸು ವೃದ್ಧಿಯಾಗುವುದು. ಇಷ್ಟೇ ಆ ಕಟ್ಟಳೆ.

ಈ ವಾಗ್ದಾನವನ್ನು ನಾವು ಬೇರೆಲ್ಲೋ ಕೇಳಿದ್ದೇವೆ, ಅಲ್ಲವೇ? ಹೌದು, ದಶಾಜ್ಞೆಗಳಲ್ಲಿ ನಾಲ್ಕನೆಯದಾದ ತಂದೆತಾಯಿಯರನ್ನು ಗೌರವಿಸುವ ಆಜ್ಞೆಗೂ ದೇವರು ಇದೇ ಫಲವನ್ನು ಜೋಡಿಸಿದ್ದಾರೆ. ಹೆತ್ತವರನ್ನು ಗೌರವಿಸುವ ಮಗನಿಗೆ ಸಿಗುವ ಆಶೀರ್ವಾದವೇ, ಗೂಡಿನ ಮೇಲೆ ಕುಳಿತ ಹಕ್ಕಿಯನ್ನು ಬಿಟ್ಟುಬಿಡುವ ದಾರಿಹೋಕನಿಗೂ ಸಿಗುತ್ತದೆ. ಎರಡು ಆಜ್ಞೆಗಳೂ ತಾಯ್ತನವನ್ನು ಕುರಿತವು. ಮನೆಯಲ್ಲಿರುವ ತಾಯಿಯ ಮುಂದೆ ತಲೆಬಾಗುವವನು ಗೂಡಿನಲ್ಲಿರುವ ತಾಯಿಯ ಮುಂದೆಯೂ ಕೈ ಹಿಂದಕ್ಕೆ ತೆಗೆಯಬೇಕು.

ಇನ್ನೊಂದು ವಿಷಯವನ್ನೂ ಗಮನಿಸೋಣ. ಹಕ್ಕಿಯನ್ನು ತಿನ್ನಲೇಬಾರದು, ಮೊಟ್ಟೆಯನ್ನು ಮುಟ್ಟಲೇಬಾರದು ಎಂದು ಈ ಕಟ್ಟಳೆ ಹೇಳುವುದಿಲ್ಲ. ಬಡವನ ಹಸಿವು ದೇವರಿಗೆ ಗೊತ್ತು. ತೆಗೆದುಕೋ, ಆದರೆ ಎಲ್ಲವನ್ನೂ ತೆಗೆದುಕೊಳ್ಳಬೇಡ. ಮುಂದಿನ ವರ್ಷದ ಗೂಡಿಗೆ ತಾಯಿಯೊಬ್ಬಳು ಇರಲಿ, ಎಂಬುದು ಅದರ ತಿರುಳು. ನಮ್ಮ ಯೇಸುಸ್ವಾಮಿಯೂ ಬೆಸ್ತರ ನಡುವೆ ಬಾಳಿದವರು. ಪುನರುತ್ಥಾನರಾದ ಮೇಲೆ ತಿಬೇರಿಯ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರಿಗೆ ಬೆಳಗಿನ ಊಟ ಬಡಿಸಿದವರು. ಮೀನು ಹಿಡಿಯುವುದು ಪಾಪವೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಅದಕ್ಕೊಂದು ಮಿತಿ ಉಂಟೋ ಇಲ್ಲವೋ, ಆ ಮಿತಿಯನ್ನು ಕಾಯುವವರು ಯಾರು, ಎಂಬುದು ಇಂದಿನ ನಮ್ಮ ಚಿಂತನೆ.

ಮೊದಲ ಆಶೀರ್ವಾದ ಯಾರಿಗೆ?

ಬೈಬಲಿನಲ್ಲಿ ದೇವರು ಮೊಟ್ಟಮೊದಲು ಆಶೀರ್ವದಿಸಿದ್ದು ಯಾರನ್ನು ಎಂದು ಧರ್ಮೋಪದೇಶದ ತರಗತಿಯ ಮಕ್ಕಳನ್ನು ಕೇಳಿ ನೋಡಿ. ಆದಾಮನನ್ನು ಎನ್ನುವರು, ಅಬ್ರಹಾಮನನ್ನು ಎನ್ನುವರು. ಆದಿಕಾಂಡದ ಮೊದಲ ಅಧ್ಯಾಯವನ್ನು ತೆರೆದು ನೋಡಿದರೆ ಉತ್ತರ ಬೇರೆಯೇ ಇದೆ. ಐದನೆಯ ದಿನ ದೇವರು ಕಡಲಿನ ಜೀವಿಗಳನ್ನೂ ಹಾರುವ ಹಕ್ಕಿಗಳನ್ನೂ ಉಂಟುಮಾಡಿ, ವೃದ್ಧಿಯಾಗಿರಿ ಎಂದು ಅವುಗಳನ್ನು ಹರಸಿದರು. ಮನುಷ್ಯನಿಗೆ ಆಶೀರ್ವಾದ ಸಿಕ್ಕಿದ್ದು ಆರನೆಯ ದಿನ. ಹೀಗೆ ನಮಗಿಂತ ಒಂದು ದಿನ ಮೊದಲೇ ಮೀನಿಗೂ ಹಕ್ಕಿಗೂ ದೇವರ ಹರಕೆ ದೊರೆತಿತ್ತು.

ಆ ಹರಕೆ ಯಾವುದರ ಬಗ್ಗೆ? ಮರಿ ಹಾಕಿ ಹೆಚ್ಚುವುದರ ಬಗ್ಗೆ. ಆದ್ದರಿಂದ ಮೊಟ್ಟೆಯಿಟ್ಟು ಮರಿ ಮಾಡುವ ಕಾಲದಲ್ಲಿ ಒಂದು ಕಡಲಹಕ್ಕಿಯನ್ನು ಕೊಂದರೆ, ದೇವರ ಮೊದಲ ಆಶೀರ್ವಾದವನ್ನೇ ನಡುವಿನಲ್ಲಿ ಕತ್ತರಿಸಿದಂತೆ. ಒಂದು ತಾಯಿ ಸತ್ತರೆ ಗೂಡಿನಲ್ಲಿ ಬಾಯ್ತೆರೆದು ಕಾಯುವ ಮರಿಯೂ ಹಸಿದು ಸಾಯುತ್ತದೆ. ಒಂದು ಗುಂಡಿಗೆ ಎರಡು ಜೀವ.

ಹೀಗೆ ನಡೆದ ಒಂದು ಊರಿದೆ. ಅಲ್ಲಿನ ಜನ ಅದನ್ನು ನಿಲ್ಲಿಸಿದ ಬಗೆಯೂ ನಾವು ತಿಳಿಯತಕ್ಕದ್ದು.

ಬ್ರಿಡ್ಲಿಂಗ್ಟನ್ನಿನ ಬಂಡೆಗಳು

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಪೂರ್ವ ಕರಾವಳಿಯಲ್ಲಿ ಬ್ರಿಡ್ಲಿಂಗ್ಟನ್ ಎಂಬ ಪಟ್ಟಣವಿದೆ. ಅದರ ಉತ್ತರಕ್ಕೆ ಫ್ಲ್ಯಾಂಬರೋ ಮತ್ತು ಬೆಂಪ್ಟನ್ ಎಂಬಲ್ಲಿ ಸುಣ್ಣಕಲ್ಲಿನ ಬಿಳಿ ಬಂಡೆಗಳು ಕಡಲಿನಿಂದ ನೇರವಾಗಿ ಗೋಡೆಯಂತೆ ಎದ್ದು ನಿಂತಿವೆ. ಆ ಗೋಡೆಯ ಸಣ್ಣ ಸಣ್ಣ ಅಂಚುಗಳ ಮೇಲೆ ಪ್ರತಿ ವಸಂತದಲ್ಲೂ ಲಕ್ಷಗಟ್ಟಲೆ ಕಡಲಹಕ್ಕಿಗಳು ಬಂದು ಸೇರುತ್ತವೆ. ಕಿಟ್ಟಿವೇಕ್, ಗಿಲ್ಲೆಮಾಟ್, ರೇಜರ್‌ಬಿಲ್, ಪಫಿನ್ ಎಂದು ಅವುಗಳ ಹೆಸರು. ವರ್ಷದ ಹೆಚ್ಚಿನ ಕಾಲವನ್ನು ನಡುಗಡಲಿನಲ್ಲಿ ಕಳೆಯುವ ಇವು ನೆಲಕ್ಕೆ ಬರುವುದು ಮೊಟ್ಟೆಯಿಟ್ಟು ಮರಿ ಸಾಕಲಿಕ್ಕೆ ಮಾತ್ರ.

1846ರಲ್ಲಿ ಬ್ರಿಡ್ಲಿಂಗ್ಟನ್ನಿಗೆ ರೈಲು ಬಂತು. ಕಾರ್ಖಾನೆಯ ಊರುಗಳಿಂದ ಮೋಜಿಗೆಂದು ಜನ ಬರತೊಡಗಿದರು. ದೋಣಿ ಬಾಡಿಗೆಗೆ ಹಿಡಿದು ಬಂಡೆಯ ಬುಡಕ್ಕೆ ಹೋಗಿ, ಗೂಡಿನ ಮೇಲೆ ಕುಳಿತ ಹಕ್ಕಿಗಳಿಗೆ ಬಂದೂಕು ಹೊಡೆಯುವುದೇ ಅವರ ಆಟವಾಯಿತು. ಹೊಟ್ಟೆಪಾಡಿಗಲ್ಲ, ಬರಿದೇ ವಿನೋದಕ್ಕೆ. ಜೊತೆಗೆ ವ್ಯಾಪಾರವೂ ಸೇರಿಕೊಂಡಿತು. ಆ ಕಾಲದ ನಗರದ ಹೆಂಗಸರು ಟೋಪಿಗಳಿಗೆ ಕಿಟ್ಟಿವೇಕ್ ಹಕ್ಕಿಯ ಬಿಳಿ ರೆಕ್ಕೆಗಳನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ರೆಕ್ಕೆ ಬೇಕಾದವರು ಗಾಯಗೊಂಡ ಹಕ್ಕಿಯಿಂದ ಜೀವಂತವಾಗಿಯೇ ರೆಕ್ಕೆಗಳನ್ನು ಕಿತ್ತು, ಉಳಿದ ದೇಹವನ್ನು ಕಡಲಿಗೆ ಎಸೆಯುತ್ತಿದ್ದರು. ಬಂಡೆಯ ಅಂಚಿನಲ್ಲಿ ಮರಿಗಳು ಕೂಗಿ ಕೂಗಿ ಸಾಯುತ್ತಿದ್ದವು.

ಇದನ್ನು ನೋಡಿ ಸಹಿಸದವರು ಮೊದಲು ಅಲ್ಲಿನ ಊರಿನವರೇ. ಫ್ಲ್ಯಾಂಬರೋ ಬಳಿ ದಟ್ಟ ಮಂಜು ಕವಿದಾಗ ಹಡಗಿನವರಿಗೆ ಬಂಡೆ ಕಾಣುತ್ತಿರಲಿಲ್ಲ. ಆದರೆ ಹಕ್ಕಿಗಳ ಕೂಗು ಕೇಳಿಸುತ್ತಿತ್ತು. ಆ ಕೂಗು ಕೇಳಿ ನಾವಿಕರು ಹಡಗನ್ನು ತಿರುಗಿಸಿ ಜೀವ ಉಳಿಸಿಕೊಳ್ಳುತ್ತಿದ್ದರು. ಆದ್ದರಿಂದಲೇ ಆ ಹಕ್ಕಿಗಳಿಗೆ ದಾರಿ ತೋರಿಸುವವರು ಎಂಬ ಅರ್ಥದಲ್ಲಿ ಫ್ಲ್ಯಾಂಬರೋ ಪೈಲಟ್‌ಗಳು ಎಂದು ಹೆಸರಾಗಿತ್ತು. ಮೀನಿನ ಹಿಂಡು ಎಲ್ಲಿದೆ ಎಂದು ಬೆಸ್ತರಿಗೆ ತೋರಿಸುತ್ತಿದ್ದುದೂ ಅವೇ. ನಮ್ಮ ಕರಾವಳಿಯ ಮೀನುಗಾರರೂ ನೀರಿನ ಮೇಲೆ ಹಕ್ಕಿಗಳು ಮುಗಿಬೀಳುವುದನ್ನು ಕಂಡು ದೋಣಿ ತಿರುಗಿಸುವವರೇ. ಆದ್ದರಿಂದ ಈ ಮಾತನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬ್ರಿಡ್ಲಿಂಗ್ಟನ್ನಿನಲ್ಲಿ ಆಗ ಹೆನ್ರಿ ಬಾರ್ನ್ಸ್-ಲಾರೆನ್ಸ್ ಎಂಬವರು ವಿಕಾರರಾಗಿದ್ದರು. ಅವರು ಆಂಗ್ಲಿಕನ್ ಸಭೆಯವರು. 1868ರಲ್ಲಿ ಅವರು ಸುತ್ತಮುತ್ತಲಿನ ಗುರುಗಳನ್ನೂ ಊರಿನ ಹಿರಿಯರನ್ನೂ ಕೂಡಿಸಿ, ಕಡಲಹಕ್ಕಿಗಳ ರಕ್ಷಣೆಗಾಗಿ ಒಂದು ಸಂಘ ಕಟ್ಟಿದರು. ಅದೇ ವರ್ಷ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಆಲ್ಫ್ರೆಡ್ ನ್ಯೂಟನ್ ಅವರು ನಾರಿಚ್ ನಗರದಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಇದೇ ವಿಷಯವಾಗಿ ಖಾರವಾಗಿ ಮಾತಾಡಿದರು. ಟೋಪಿಯಲ್ಲಿರುವ ಆ ಬಿಳಿ ಗರಿ ಎಷ್ಟೇ ಚೆಂದವಾಗಿ ಕಂಡರೂ, ಅದನ್ನು ಧರಿಸುವವರು ಕೊಲೆಯ ಗುರುತನ್ನು ಹೊತ್ತಿದ್ದಾರೆ ಎಂಬುದು ಅವರ ಮಾತಿನ ಸಾರ.

ನ್ಯೂಟನ್ನರ ಮಾತಿಗೆ ಒಂದು ಹಿನ್ನೆಲೆ ಇತ್ತು. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಗ್ರೇಟ್ ಆಕ್ ಎಂಬ ಹಾರಲಾರದ ದೊಡ್ಡ ಕಡಲಹಕ್ಕಿ ಇತ್ತು. ಮಾಂಸಕ್ಕೆ, ಎಣ್ಣೆಗೆ, ಗರಿಗೆ ಎಂದು ಅದನ್ನು ಶತಮಾನಗಳ ಕಾಲ ಕೊಂದರು. 1844ರ ಜೂನ್ ತಿಂಗಳಲ್ಲಿ ಐಸ್‌ಲೆಂಡಿನ ಎಲ್ಡೇ ದ್ವೀಪದಲ್ಲಿ ಒಂದು ಜೋಡಿಯನ್ನು ಹಿಡಿದು ಕೊಂದರು. ಅಲ್ಲಿಗೆ ಆ ಕುಲವೇ ಮುಗಿದಂತಾಯಿತು. 1858ರಲ್ಲಿ ನ್ಯೂಟನ್ನರು ಆ ಹಕ್ಕಿಯನ್ನು ಹುಡುಕಿಕೊಂಡು ಐಸ್‌ಲೆಂಡಿಗೆ ಹೋದರು. ಒಂದೂ ಸಿಗಲಿಲ್ಲ. ದೇವರು ಹರಸಿದ ಒಂದು ಜೀವಿಯನ್ನು ಮನುಷ್ಯನು ಸಂಪೂರ್ಣವಾಗಿ ಇಲ್ಲವಾಗಿಸಬಲ್ಲ ಎಂಬುದನ್ನು ಅವರು ಅಲ್ಲಿ ಅರಿತರು.

ಬ್ರಿಡ್ಲಿಂಗ್ಟನ್ನಿನ ಸಂಘದವರು ಪತ್ರಗಳನ್ನು ಬರೆದರು, ಸಹಾಯ ಕೇಳಿದರು, ಆ ಭಾಗದ ಸಂಸತ್ ಸದಸ್ಯ ಕ್ರಿಸ್ಟಫರ್ ಸೈಕ್ಸ್ ಅವರ ಮೂಲಕ ಸಂಸತ್ತಿನಲ್ಲಿ ಮಸೂದೆ ಮಂಡಿಸಿದರು. 1869ರ ಜೂನ್ 24ರಂದು ಕಡಲಹಕ್ಕಿಗಳ ಸಂರಕ್ಷಣಾ ಕಾಯ್ದೆ ಅಂಗೀಕಾರವಾಯಿತು. ಆ ದಿನ ನಮ್ಮ ಪಂಚಾಂಗದಲ್ಲಿ ಸ್ನಾನಿಕ ಯೊವಾನ್ನರ ಜನನದ ಹಬ್ಬ. ಅಡವಿಯಲ್ಲಿ ಕೂಗಿದ ದನಿಯ ಹಬ್ಬದಂದು, ದನಿಯಿಲ್ಲದ ಜೀವಿಗಳ ಪರವಾಗಿ ಕೂಗಿದವರಿಗೆ ಉತ್ತರ ಸಿಕ್ಕಿತು. ಬ್ರಿಟನ್ನಿನಲ್ಲಿ ಕಾಡುಹಕ್ಕಿಗಳ ರಕ್ಷಣೆಗೆಂದೇ ಬಂದ ಕಾಯ್ದೆಗಳ ಸಾಲಿಗೆ ಅದು ನಾಂದಿಯಾಯಿತು.

ಕಾಯ್ದೆಯ ಒಳಗೆ ಏನಿತ್ತು?

ಆ ಕಾಯ್ದೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಏಪ್ರಿಲ್ 1ರಿಂದ ಆಗಸ್ಟ್ 1ರವರೆಗೆ, ಅಂದರೆ ಗೂಡಿನ ಕಾಲದಲ್ಲಿ, 33 ಬಗೆಯ ಕಡಲಹಕ್ಕಿಗಳನ್ನು ಕೊಲ್ಲಬಾರದು ಎಂದಿತ್ತು. ಉಳಿದ ತಿಂಗಳುಗಳಲ್ಲಿ ತಡೆಯಿರಲಿಲ್ಲ. ಮೊಟ್ಟೆ ತೆಗೆಯುವುದಕ್ಕೂ ತಡೆಯಿರಲಿಲ್ಲ. ಹಗ್ಗ ಕಟ್ಟಿಕೊಂಡು ಬಂಡೆಯಿಂದ ಇಳಿದು ಮೊಟ್ಟೆ ಸಂಗ್ರಹಿಸುವುದು ಬೆಂಪ್ಟನ್ನಿನ ಜನರ ಹಳೆಯ ಕಸುಬು. ಅದು 1954ರ ಕಾಯ್ದೆ ಬರುವ ತನಕ ನಡೆಯಿತು. ತಾಯಿಯನ್ನು ಬಿಡು, ಮೊಟ್ಟೆಗೆ ಅಡ್ಡಿಯಿಲ್ಲ. ಧರ್ಮೋಪದೇಶಕಾಂಡದ ಆ ಎರಡು ವಚನಗಳೇ ಸರ್ಕಾರದ ಭಾಷೆಯಲ್ಲಿ ಮತ್ತೆ ಬಂದಂತಿಲ್ಲವೇ?

ಇನ್ನೊಂದು ಅಂಶವೂ ಇದೆ. ಸ್ಕಾಟ್ಲೆಂಡಿನಾಚೆ ಅಟ್ಲಾಂಟಿಕ್ ಸಾಗರದ ನಡುವೆ ಸೇಂಟ್ ಕಿಲ್ಡಾ ಎಂಬ ಒಂಟಿ ದ್ವೀಪಗಳಿವೆ. ಅಲ್ಲಿನ ಬೆರಳೆಣಿಕೆಯ ಕುಟುಂಬಗಳಿಗೆ ಕಡಲಹಕ್ಕಿಯೇ ಊಟ, ಅದರ ಎಣ್ಣೆಯೇ ದೀಪ, ಅದರ ಗರಿಯೇ ಗೇಣಿ. ಕಾಯ್ದೆ ಅವರಿಗೆ ವಿನಾಯಿತಿ ಕೊಟ್ಟಿತು. ವಿನೋದಕ್ಕೆ ಗುಂಡು ಹಾರಿಸುವವನನ್ನೂ, ಒಪ್ಪೊತ್ತಿನ ಗಂಜಿಗಾಗಿ ಹಕ್ಕಿ ಹಿಡಿಯುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಜೀವಿಗಳ ರಕ್ಷಣೆ ಎಂದೊಡನೆ ಬಡವರ ಹೊಟ್ಟೆಯ ಮೇಲೆ ಹೊಡೆಯುವುದು ಎಂದು ಹೆದರುವವರು ಈ ಮಾತನ್ನು ನೆನಪಿಡಬೇಕು. ಹೊಡೆಯದ ಹಾಗೆ ಕಾಯ್ದೆ ಬರೆಯಲು ಸಾಧ್ಯವಿದೆ.

ನಮ್ಮವರು ಇದರಲ್ಲಿ ಇರಲಿಲ್ಲವೇ ಎಂದು ಕೇಳುವಿರಿ. ಇದ್ದರು. ಅದೇ ಯಾರ್ಕ್‌ಷೈರಿನಲ್ಲಿ ಚಾರ್ಲ್ಸ್ ವಾಟರ್ಟನ್ ಎಂಬ ಕಥೋಲಿಕ ಜಮೀನುದಾರರಿದ್ದರು. ಯೇಸುಸಭೆಯವರ ಶಾಲೆಯಲ್ಲಿ ಓದಿದವರು. ಕಥೋಲಿಕರಿಗೆ ಪೌರಹಕ್ಕುಗಳೇ ಪೂರ್ತಿ ಇಲ್ಲದಿದ್ದ 1820ರ ದಶಕದಲ್ಲಿ ಅವರು ತಮ್ಮ ವಾಲ್ಟನ್ ಹಾಲ್ ತೋಟದ ಸುತ್ತ ಸುಮಾರು ಮೂರು ಮೈಲಿ ಉದ್ದದ ಎತ್ತರದ ಗೋಡೆ ಕಟ್ಟಿಸಿ, ಒಳಗೆ ಬಂದೂಕಿನ ಸದ್ದೇ ಕೇಳದಂತೆ ಮಾಡಿ, ಹಕ್ಕಿಗಳಿಗೆ ಆಶ್ರಯ ಕೊಟ್ಟರು. ಇನ್ನೂ ಹಿಂದೆ ಹೋದರೆ ಏಳನೆಯ ಶತಮಾನದ ಸಂತ ಕತ್ಬರ್ಟ್ ಸಿಗುತ್ತಾರೆ. ಇಂಗ್ಲೆಂಡಿನ ಈಶಾನ್ಯ ಕಡಲಿನ ಫಾರ್ನ್ ದ್ವೀಪದಲ್ಲಿ ಏಕಾಂತ ತಪಸ್ವಿಯಾಗಿದ್ದು, 687ರಲ್ಲಿ ಅಲ್ಲಿಯೇ ತೀರಿಕೊಂಡವರು. ದ್ವೀಪದಲ್ಲಿ ಗೂಡು ಕಟ್ಟುವ ಐಡರ್ ಎಂಬ ಕಡಲ ಬಾತುಗಳನ್ನು ಯಾರೂ ಹಿಂಸಿಸಬಾರದೆಂದು ಅವರು ಕಟ್ಟಪ್ಪಣೆ ಮಾಡಿದ್ದರೆಂದು ಪರಂಪರೆ ಹೇಳುತ್ತದೆ. ಆ ಬಾತುಗಳನ್ನು ಅಲ್ಲಿನ ಜನ ಇಂದಿಗೂ ಸಂತರ ಹೆಸರಿನಿಂದಲೇ ಕರೆಯುತ್ತಾರೆ.

ತಾಯಂದಿರು ಮಾಡಿದ ಪ್ರತಿಜ್ಞೆ

ಕಾಯ್ದೆ ಬಂದ ಮಾತ್ರಕ್ಕೆ ಮನಸ್ಸು ಬದಲಾಗುವುದಿಲ್ಲ. ಟೋಪಿಗೆ ಗರಿ ಸಿಕ್ಕಿಸುವ ಚಪಲ ಹೋಗಲಿಲ್ಲ. ಬೇರೆ ದೇಶಗಳಿಂದ ಗರಿಗಳು ಮೂಟೆ ಮೂಟೆಯಾಗಿ ಬರತೊಡಗಿದವು. ಬೆಳ್ಳಕ್ಕಿಗೆ ಸೊಗಸಾದ ಗರಿ ಮೂಡುವುದು ಗೂಡಿನ ಕಾಲದಲ್ಲೇ. ಆದ್ದರಿಂದ ಗರಿಗಾಗಿ ಕೊಂದಾಗಲೆಲ್ಲ ಮರಿಗಳು ಅನಾಥವಾಗುತ್ತಿದ್ದವು. ನಮ್ಮ ದೇಶದಿಂದಲೂ ಗರಿ ಸಾಗಣೆಯಾಗುತ್ತಿತ್ತು; 1902ರಲ್ಲಿ ಬ್ರಿಟಿಷ್ ಭಾರತ ಸರ್ಕಾರ ಅದರ ರಫ್ತನ್ನು ನಿಷೇಧಿಸಬೇಕಾಯಿತು.

1889ರಲ್ಲಿ ಮ್ಯಾಂಚೆಸ್ಟರ್ ಬಳಿಯ ಡಿಡ್ಸ್‌ಬರಿಯಲ್ಲಿ ಎಮಿಲಿ ವಿಲಿಯಮ್ಸನ್ ಎಂಬ ಗೃಹಿಣಿ ತಮ್ಮ ಮನೆಯಲ್ಲೇ ಹೆಂಗಸರ ಒಂದು ಸಂಘ ಆರಂಭಿಸಿದರು. ಆಹಾರಕ್ಕಾಗಿ ಕೊಂದ ಹಕ್ಕಿಯ ಗರಿಯನ್ನೂ ಉಷ್ಟ್ರಪಕ್ಷಿಯ ಗರಿಯನ್ನೂ ಬಿಟ್ಟು ಬೇರೆ ಹಕ್ಕಿಯ ಗರಿಯನ್ನು ತೊಡುವುದಿಲ್ಲ ಎಂಬುದು ಸದಸ್ಯೆಯರ ಪ್ರತಿಜ್ಞೆ. ಆಗ ಆ ದೇಶದಲ್ಲಿ ಹೆಂಗಸರಿಗೆ ಸಂಸತ್ತಿಗೆ ಮತ ಹಾಕುವ ಹಕ್ಕಿರಲಿಲ್ಲ. ಆದರೂ ಅವರು ಬಿಡಲಿಲ್ಲ. ಗರಿಗಳ ಆಮದನ್ನು ನಿಷೇಧಿಸುವ ಕಾಯ್ದೆ ಬಂದದ್ದು 1921ರಲ್ಲಿ. 32 ವರ್ಷಗಳ ಕಾಯುವಿಕೆ! ಆ ಪುಟ್ಟ ಸಂಘವೇ ಮುಂದೆ ಬೆಳೆದು ಬ್ರಿಟನ್ನಿನ ಹಕ್ಕಿಗಳ ರಕ್ಷಣೆಯ ರಾಯಲ್ ಸೊಸೈಟಿಯಾಯಿತು. ಬೆಂಪ್ಟನ್ನಿನ ಬಂಡೆಗಳನ್ನು ಇಂದು ನೋಡಿಕೊಳ್ಳುತ್ತಿರುವುದೂ ಅದೇ ಸಂಸ್ಥೆ.

ಕುಟುಂಬದ ತಾಯಂದಿರೇ, ಇದರಲ್ಲಿ ನಿಮಗೊಂದು ಪಾಠವಿದೆ. ಅವರು ಬೇರೆಯವರನ್ನು ದೂರುವುದರಿಂದ ಆರಂಭಿಸಲಿಲ್ಲ. ತಮ್ಮ ತಲೆಯ ಮೇಲಿನ ಟೋಪಿಯಿಂದ ಆರಂಭಿಸಿದರು. ತಾನು ಬಿಡಲಾರದ್ದನ್ನು ಇನ್ನೊಬ್ಬರು ಬಿಡಲಿ ಎಂದು ಕೇಳುವವರ ಮಾತಿಗೆ ತೂಕವಿರುವುದಿಲ್ಲ.

ಇಂದಿನ ಗಾಳಗಳು

ಇದು ಹಳೆಯ ಕಥೆ, ಈಗ ಯಾರೂ ಟೋಪಿಗೆ ರೆಕ್ಕೆ ಸಿಕ್ಕಿಸಿಕೊಳ್ಳುವುದಿಲ್ಲವಲ್ಲ ಎನ್ನಬಹುದು. ನಿಜ. ಈಗ ಹಕ್ಕಿ ಸಾಯುವುದು ಯಾರ ಹಟದಿಂದಲೂ ಅಲ್ಲ, ಯಾರೂ ಗಮನಿಸದೆ ಇರುವುದರಿಂದ.

ದಕ್ಷಿಣದ ಮಹಾಸಾಗರಗಳಲ್ಲಿ ಆಲ್ಬಟ್ರಾಸ್ ಎಂಬ ಹಕ್ಕಿ ಇದೆ. ಅದರ ದೊಡ್ಡ ಜಾತಿಗಳ ರೆಕ್ಕೆ ಬಿಚ್ಚಿದರೆ ಮೂರು ಮೀಟರಿಗೂ ಹೆಚ್ಚು ಅಗಲ. ಅಂಥ ದೊಡ್ಡ ಜಾತಿಯ ಒಂದು ಜೋಡಿ ಎರಡು ವರ್ಷಕ್ಕೊಮ್ಮೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಎರಡೂ ಸೇರಿ ಸುಮಾರು ಒಂಬತ್ತು ತಿಂಗಳು ಮರಿಯನ್ನು ಸಾಕುತ್ತವೆ. ಒಂಬತ್ತು ತಿಂಗಳು ಎಂದರೆ ಏನೆಂದು ತಾಯಂದಿರಿಗೆ ಗೊತ್ತು. ಮರಿಗೆ ಆಹಾರ ತರಲು ಸಾವಿರಾರು ಕಿಲೋಮೀಟರ್ ಹಾರುವ ಈ ಹಕ್ಕಿ, ಮೀನುಗಾರಿಕೆಯ ಹಡಗುಗಳು ಬಿಡುವ ಉದ್ದನೆಯ ಗಾಳದ ಹಗ್ಗಗಳನ್ನು ಕಾಣುತ್ತದೆ. ಒಂದೊಂದು ಹಗ್ಗದಲ್ಲಿ ಸಾವಿರಾರು ಗಾಳಗಳು. ಗಾಳ ಮುಳುಗುವ ಮುನ್ನ ಅದಕ್ಕೆ ಚುಚ್ಚಿದ ಮೀನನ್ನು ಕಚ್ಚುತ್ತದೆ. ಹಗ್ಗದೊಂದಿಗೆ ತಾನೂ ನೀರಿನಡಿಗೆ ಹೋಗಿ ಸಾಯುತ್ತದೆ. ಗೂಡಿನಲ್ಲಿ ಮರಿ ಕಾಯುತ್ತಲೇ ಇರುತ್ತದೆ. ಆಲ್ಬಟ್ರಾಸ್‌ಗಳ 22 ಜಾತಿಗಳಲ್ಲಿ 15 ಇಂದು ಅಳಿವಿನ ಭೀತಿಯಲ್ಲಿವೆ.

ಇದಕ್ಕೆ ಮದ್ದು ಬಹಳ ಸರಳ. ಹಡಗಿನ ಹಿಂಭಾಗದಿಂದ ಬಣ್ಣದ ಪಟ್ಟಿಗಳು ತೂಗುವ ಒಂದು ಹಗ್ಗ ಎಳೆದರೆ ಹಕ್ಕಿಗಳು ಹೆದರಿ ಗಾಳದ ಹತ್ತಿರ ಬರುವುದಿಲ್ಲ. ಗಾಳದ ಹಗ್ಗಕ್ಕೆ ಭಾರ ಕಟ್ಟಿದರೆ ಬೇಗ ಮುಳುಗುತ್ತದೆ. ರಾತ್ರಿ ಹೊತ್ತು ಹಗ್ಗ ಬಿಟ್ಟರೆ ಇನ್ನೂ ಒಳ್ಳೆಯದು. ಗಾಳಕ್ಕೆ ಹಕ್ಕಿ ಸಿಕ್ಕಿದರೆ ಮೀನುಗಾರನಿಗೂ ನಷ್ಟವೇ. ಆ ಗಾಳಕ್ಕೆ ಮೀನು ಬೀಳುವುದಿಲ್ಲ. ಆಫ್ರಿಕದ ನಮೀಬಿಯ ದೇಶದಲ್ಲಿ 2009ರಲ್ಲಿ ಇಂಥ ಗಾಳಗಳಿಗೆ ಸುಮಾರು 22,000 ಹಕ್ಕಿಗಳು ಬಲಿಯಾಗಿದ್ದವೆಂದು ಅಂದಾಜು. ಕಾರ್ಯಕರ್ತರು ಹಡಗು ಹಡಗಿಗೆ ಹೋಗಿ, ಮೀನುಗಾರರ ಜೊತೆ ಕಡಲಿಗಿಳಿದು, ಹಗ್ಗ ಕಟ್ಟುವುದನ್ನು ತೋರಿಸಿಕೊಟ್ಟರು. 2015ರಲ್ಲಿ ಸರ್ಕಾರ ಅದನ್ನು ಕಡ್ಡಾಯ ಮಾಡಿತು. 2018ರ ಹೊತ್ತಿಗೆ ಆ ಸಂಖ್ಯೆ ಸುಮಾರು 200ಕ್ಕೆ ಇಳಿಯಿತು. ಆ ಬಣ್ಣದ ಹಗ್ಗಗಳನ್ನು ವಾಲ್ವಿಸ್ ಬೇ ಪಟ್ಟಣದ ಹೆಂಗಸರ ಸಂಘವೊಂದು ತಯಾರಿಸಿ ಮಾರಿ, ಮನೆಗೆ ನಾಲ್ಕು ಕಾಸು ತಂದುಕೊಂಡಿತು. ಹಕ್ಕಿಯೂ ಉಳಿಯಿತು, ಮೀನುಗಾರನೂ ಉಳಿದ, ಬಡ ಹೆಂಗಸಿಗೆ ಕೆಲಸವೂ ಸಿಕ್ಕಿತು.

ಉತ್ತರ ಪೆಸಿಫಿಕ್ ಸಾಗರದ ಮಿಡ್ವೇ ದ್ವೀಪದಲ್ಲಿ 1956ರಲ್ಲಿ ಒಂದು ಹೆಣ್ಣು ಆಲ್ಬಟ್ರಾಸ್‌ನ ಕಾಲಿಗೆ ಗುರುತಿನ ಉಂಗುರ ತೊಡಿಸಿದ್ದರು. ಅದಕ್ಕೆ ವಿಸ್ಡಮ್, ಅಂದರೆ ಜ್ಞಾನ, ಎಂದು ಹೆಸರು. 70 ವರ್ಷ ದಾಟಿದ ಆ ಹಕ್ಕಿ 2024ರ ನವೆಂಬರಿನಲ್ಲಿ ಮತ್ತೆ ಒಂದು ಮೊಟ್ಟೆ ಇಟ್ಟಿತು. ಕೊಲ್ಲದೆ ಬಿಟ್ಟ ಒಂದು ತಾಯಿ ಏನು ಕೊಡಬಲ್ಲಳೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಬೆಂಪ್ಟನ್ನಿನ ಕಿಟ್ಟಿವೇಕ್‌ಗಳಿಗೂ ಈಗ ಬೇರೆ ಕಷ್ಟ ಬಂದಿದೆ. ಬಂದೂಕು ಹೋಯಿತು, ಹಸಿವು ಬಂತು. ಮರಿಗಳಿಗೆ ಉಣಿಸುವ ಸ್ಯಾಂಡ್ ಈಲ್ ಎಂಬ ಸಣ್ಣ ಮೀನನ್ನು ಹಡಗುಗಳು ಬಳಿದು ಮೀನುಪುಡಿ ಮತ್ತು ಎಣ್ಣೆಗೆ ಕಳುಹಿಸುತ್ತಿದ್ದವು. ಕಡಲು ಬಿಸಿಯಾಗುತ್ತಿರುವುದರಿಂದಲೂ ಆ ಮೀನು ಕಡಿಮೆಯಾಯಿತು. 2017ರಲ್ಲಿ ಕಿಟ್ಟಿವೇಕ್ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು. ಹಲವು ವರ್ಷಗಳ ಒತ್ತಾಯದ ನಂತರ 2024ರಲ್ಲಿ ಇಂಗ್ಲೆಂಡಿಗೆ ಸೇರಿದ ಉತ್ತರ ಸಮುದ್ರದಲ್ಲೂ ಸ್ಕಾಟ್ಲೆಂಡಿನ ಕಡಲಿನಲ್ಲೂ ಸ್ಯಾಂಡ್ ಈಲ್ ಹಿಡಿಯುವುದನ್ನು ನಿಲ್ಲಿಸಲಾಯಿತು. ಒಮ್ಮೆ ಗೆದ್ದೆವೆಂದು ಕೈಕಟ್ಟಿ ಕೂರುವಂತಿಲ್ಲ. ಬೂತಾಯಿಯನ್ನು ಲಾರಿಗಟ್ಟಲೆ ಮೀನುಪುಡಿ ಕಾರ್ಖಾನೆಗೆ ಹೋಗುವುದನ್ನು ನೋಡುವ ನಮ್ಮ ಕರಾವಳಿಯವರಿಗೆ ಈ ಸುದ್ದಿ ದೂರದ್ದಲ್ಲ.

ನಮ್ಮ ತೀರದಲ್ಲಿ

ನಮ್ಮ ದೇಶದಲ್ಲೂ ಒಂದು ಒಳ್ಳೆಯ ಉದಾಹರಣೆ ಇದೆ. ಗುಜರಾತಿನ ಸೌರಾಷ್ಟ್ರ ಕರಾವಳಿಗೆ ವೇಲ್ ಶಾರ್ಕ್ ಎಂಬ ಬೃಹತ್ ಮೀನು ಬರುತ್ತದೆ. ಜಗತ್ತಿನ ಮೀನುಗಳಲ್ಲೇ ದೊಡ್ಡದು, ಆದರೆ ಯಾರಿಗೂ ಕೇಡು ಮಾಡದ್ದು. ಯಕೃತ್ತಿನ ಎಣ್ಣೆಗೂ ಮಾಂಸಕ್ಕೂ ಅದನ್ನು ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. 2001ರಲ್ಲಿ ಕಾಯ್ದೆಯ ರಕ್ಷಣೆ ಸಿಕ್ಕಿತು. ಆದರೂ ಮೀನುಗಾರರ ಮನಸ್ಸು ತಿರುಗಿದ್ದು 2004ರಲ್ಲಿ ಆರಂಭವಾದ ಆಂದೋಲನದಿಂದ. ರಾಮಕಥೆ ಹೇಳುವ ಮೊರಾರಿ ಬಾಪು ಅವರು ಆ ಮೀನನ್ನು ವ್ಹಾಲಿ, ಅಂದರೆ ಮುದ್ದಿನವಳು, ಎಂದು ಕರೆದರು. ಬಾಣಂತನಕ್ಕೆ ತವರಿಗೆ ಬರುವ ಮಗಳನ್ನು ಯಾರಾದರೂ ಕೊಲ್ಲುತ್ತಾರೆಯೇ ಎಂಬುದು ಅವರ ಮಾತಿನ ಭಾವ. ಬಲೆಗೆ ಬಿದ್ದ ವೇಲ್ ಶಾರ್ಕನ್ನು ಬಿಡಿಸಲು ಮೀನುಗಾರರು ತಮ್ಮ ಬೆಲೆಬಾಳುವ ಬಲೆಗಳನ್ನೇ ಕತ್ತರಿಸಿದರು. ಕತ್ತರಿಸಿದ ಬಲೆಗೆ ಪರಿಹಾರ ಕೊಡುವ ಏರ್ಪಾಡನ್ನೂ ಅರಣ್ಯ ಇಲಾಖೆ ಮಾಡಿತು. ಈ ಪರಿಹಾರದ ಮಾತನ್ನು ಮರೆಯಬೇಡಿ. ತ್ಯಾಗ ಮಾಡು ಎಂದು ಬಡವನಿಗೆ ಹೇಳಿ, ಅದರ ಖರ್ಚನ್ನೂ ಅವನ ತಲೆಗೇ ಕಟ್ಟುವುದು ನ್ಯಾಯವಲ್ಲ.

ಕರ್ನಾಟಕದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಯ ಬಡ ಮೀನುಗಾರರಿಗೆ ವಿನಾಯಿತಿ ಇದೆ. ಮೀನು ಮೊಟ್ಟೆಯಿಡುವ ಕಾಲದಲ್ಲಿ ಅದನ್ನು ಅದರ ಪಾಡಿಗೆ ಬಿಡು, ಬಡವನ ತುತ್ತನ್ನು ಕಸಿಯಬೇಡ ಎಂಬ ಆ ಹಳೆಯ ಎರಡು ಮಾತುಗಳೇ ಇಲ್ಲಿಯೂ ಇವೆ. ಹಾಗೆಯೇ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡದ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಆಲಿವ್ ರಿಡ್ಲೆ ಎಂಬ ಈ ಆಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲೇ ಸ್ಥಾನವಿದೆ. ರಾತ್ರಿ ಹೊತ್ತು ಮರಳಿಗೆ ಬರುವ ತಾಯಿ ಆಮೆ ಬೆಳಕಿಗೆ ಬೆದರಿ ಹಿಂದಿರುಗುತ್ತದೆ. ಮೊಟ್ಟೆಯೊಡೆದ ಮರಿಗಳು ಬೆಳಕನ್ನು ಕಂಡು ದಿಕ್ಕು ತಪ್ಪುತ್ತವೆ.

ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು 2015ರಲ್ಲಿ ಬರೆದ ಲೌದಾತೊ ಸಿ ಎಂಬ ವಿಶ್ವ ಪರಿಪತ್ರದಲ್ಲಿ ಸಾಗರಗಳ ಬಗ್ಗೆ ವಿಶೇಷವಾಗಿ ಹೇಳಿದ್ದಾರೆ. ಮಿತಿಯಿಲ್ಲದ ಮೀನುಗಾರಿಕೆ, ಹಿಡಿದದ್ದರಲ್ಲಿ ಬೇಕಾದ್ದನ್ನಷ್ಟೇ ಆರಿಸಿ ಉಳಿದುದನ್ನು ಎಸೆಯುವ ಪದ್ಧತಿ, ಇವೆಲ್ಲ ಅವರಿಗೆ ನೋವು ತಂದವು. ಭೂಮಿಯ ಅಳುವನ್ನೂ ಬಡವರ ಅಳುವನ್ನೂ ಒಟ್ಟಿಗೇ ಕೇಳಿಸಿಕೊಳ್ಳಬೇಕು ಎಂಬುದು ಅವರ ಉಪದೇಶ. ಐದು ಸಾವಿರ ಜನರಿಗೆ ಉಣಿಸಿದ ಮೇಲೆ ಉಳಿದ ತುಂಡುಗಳು ವ್ಯರ್ಥವಾಗದಂತೆ ಕೂಡಿಸಲು ಹೇಳಿದ ಯೇಸುಸ್ವಾಮಿಯ ಶಿಷ್ಯರಿಗೆ ಇದು ಹೊಸ ಮಾತೇನೂ ಅಲ್ಲ.

ನಾವೇನು ಮಾಡೋಣ?

ಮೊದಲನೆಯದು, ಮನೆಯಲ್ಲಿ ನಮ್ಮ ಟೋಪಿಯನ್ನು ನಾವೇ ತೆಗೆಯೋಣ. ಮಾರುಕಟ್ಟೆಯಲ್ಲಿ ಅಗ್ಗವೆಂದು ಮರಿಮೀನುಗಳನ್ನು ಕೊಳ್ಳದಿರೋಣ. ಹಬ್ಬಕ್ಕೋ ಪಿಕ್ನಿಕ್‌ಗೋ ಕಡಲ ತೀರಕ್ಕೆ ಹೋದಾಗ ಒಂದು ಪ್ಲಾಸ್ಟಿಕ್ ಚೀಲವನ್ನೂ ಮರಳಲ್ಲಿ ಬಿಟ್ಟುಬರದಿರೋಣ. ಅದು ಆಹಾರವೆಂದು ಆಮೆಯ, ಹಕ್ಕಿಯ ಹೊಟ್ಟೆ ಸೇರುತ್ತದೆ. ಆಮೆಯ ಮೊಟ್ಟೆ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸೋಣ. ಗೂಡಿಗೆ ಕಲ್ಲು ಬೀಸುವ ಮಗನನ್ನು ತಡೆದು, ಒಳಗೊಬ್ಬ ತಾಯಿ ಇದ್ದಾಳೆಂದು ಹೇಳೋಣ.

ಎರಡನೆಯದು, ಧರ್ಮಕೇಂದ್ರದಲ್ಲಿ. ಬ್ರಿಡ್ಲಿಂಗ್ಟನ್ನಿನ ಕೆಲಸ ಒಂದು ಊರಿನ ಗುರು ಮತ್ತು ನಾಲ್ಕು ಜನ ಹಿರಿಯರಿಂದ ಆರಂಭವಾಯಿತು. ಜುಲೈ ತಿಂಗಳ ಎರಡನೆಯ ಭಾನುವಾರ ಧರ್ಮಸಭೆ ಕಡಲ ಭಾನುವಾರವನ್ನು ಆಚರಿಸುತ್ತದೆ. ಸೆಪ್ಟೆಂಬರ್ 1 ಸೃಷ್ಟಿಯ ಪಾಲನೆಗಾಗಿ ಪ್ರಾರ್ಥಿಸುವ ದಿನ. ಆ ದಿನಗಳಲ್ಲಿ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಮೀನುಗಾರರನ್ನೂ ಕಡಲಿನ ಜೀವಿಗಳನ್ನೂ ಒಂದೇ ಉಸಿರಿನಲ್ಲಿ ಹೆಸರಿಸೋಣ. ಮೀನುಗಾರ ಕುಟುಂಬಗಳನ್ನು ಕರೆದು ಅವರ ಕಷ್ಟವನ್ನು ಮೊದಲು ಕೇಳೋಣ. ಕಡಲಿನ ಬಗ್ಗೆ ಅವರಿಗೆ ಗೊತ್ತಿರುವಷ್ಟು ವೇದಿಕೆಯ ಮೇಲೆ ನಿಂತವರಿಗೆ ಗೊತ್ತಿರುವುದಿಲ್ಲ.

ಮೂರನೆಯದು, ಕೇಳಬೇಕಾದವರನ್ನು ಕೇಳುವುದು. ಬಾಯಿಲ್ಲದವರ ಪರವಾಗಿ ಬಾಯಿ ತೆರೆಯಬೇಕೆಂದು ಜ್ಞಾನೋಕ್ತಿಗಳ ಗ್ರಂಥ ಹೇಳುತ್ತದೆ. ಹಕ್ಕಿ ಅರ್ಜಿ ಬರೆಯಲಾರದು, ಆಮೆ ಗ್ರಾಮಸಭೆಗೆ ಬರಲಾರದು. ನಾವು ಬರೆಯಬಲ್ಲೆವು, ಹೋಗಬಲ್ಲೆವು. ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಕೆಲಸವಿಲ್ಲದ ಕೂಲಿಗಳಿಗೆ ನೆರವು ಸಮಯಕ್ಕೆ ಸಿಗಲಿ ಎಂದು ಕೇಳೋಣ. ನಿಷೇಧವನ್ನು ಮುರಿಯುವ ದೊಡ್ಡವರ ಮೇಲೆ ಕ್ರಮವಾಗಲಿ ಎಂದೂ ಕೇಳೋಣ. ಒಂದು ಪತ್ರಕ್ಕೆ ಉತ್ತರ ಬರದಿದ್ದರೆ ಇನ್ನೊಂದು ಬರೆಯೋಣ. ಎಮಿಲಿ ವಿಲಿಯಮ್ಸನ್ ಮತ್ತು ಸಂಗಡಿಗರು 32 ವರ್ಷ ಕಾದರು ಎಂಬುದನ್ನು ನೆನಪಿಡೋಣ.

ಪ್ರಿಯರೇ, ಜೆರುಸಲೇಮನ್ನು ನೋಡಿ ನೊಂದ ಯೇಸುಸ್ವಾಮಿ ತಮ್ಮ ಪ್ರೀತಿಯನ್ನು ಯಾವುದಕ್ಕೆ ಹೋಲಿಸಿದರು? ರಾಜನ ಕಿರೀಟಕ್ಕಲ್ಲ, ಯೋಧನ ಖಡ್ಗಕ್ಕಲ್ಲ. ಮರಿಗಳನ್ನು ರೆಕ್ಕೆಯಡಿಗೆ ಕರೆದುಕೊಳ್ಳುವ ಕೋಳಿಗೆ ಹೋಲಿಸಿದರು. ದೇವರ ಪ್ರೀತಿಯನ್ನು ನಮಗೆ ತಿಳಿಸಿಕೊಡಲು ಅವರು ಆರಿಸಿದ ಚಿತ್ರ ಗೂಡಿನ ಮೇಲೆ ಕುಳಿತ ತಾಯಿಯದೇ. ಎರಡು ಕಾಸಿಗೆ ಐದರಂತೆ ಮಾರುವ ಗುಬ್ಬಚ್ಚಿಗಳಲ್ಲಿ ಒಂದನ್ನೂ ತಂದೆ ಮರೆಯುವುದಿಲ್ಲ ಎಂದವರೂ ಅವರೇ. ಅಂಥ ರೆಕ್ಕೆಯಡಿಯಲ್ಲಿ ಆಶ್ರಯ ಪಡೆದ ನಾವು, ಬೇರೊಂದು ರೆಕ್ಕೆಯನ್ನು ಮುರಿಯಲು ಹೇಗೆ ಒಪ್ಪಿಯೇವು?

ಪ್ರಾರ್ಥಿಸೋಣ: ಐದನೆಯ ದಿನ ಕಡಲಿನ ಜೀವಿಗಳನ್ನೂ ಹಕ್ಕಿಗಳನ್ನೂ ಹರಸಿದ ದೇವರೇ, ನಿಮ್ಮ ಹರಕೆಗೆ ನಾವು ಅಡ್ಡಿಯಾಗದಂತೆ ಕಾಪಾಡಿ. ಕಡಲಿಗಿಳಿಯುವ ನಮ್ಮ ಸಹೋದರರನ್ನು ಕ್ಷೇಮವಾಗಿ ದಡ ಸೇರಿಸಿ, ಅವರ ಬಲೆ ಬರಿದಾಗದಿರಲಿ. ತೆಗೆದುಕೊಳ್ಳುವ ಕೈಗೆ ಮಿತಿಯನ್ನೂ, ಕೇಳುವ ಬಾಯಿಗೆ ಧೈರ್ಯವನ್ನೂ, ಕಾಯುವ ಮನಸ್ಸಿಗೆ ತಾಳ್ಮೆಯನ್ನೂ ದಯಪಾಲಿಸಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡಿಕೊಳ್ಳುತ್ತೇವೆ. ಆಮೆನ್.